ಊಟದ ಹೊತ್ತಿಗೆ ಯಾರಿರುತ್ತಾರೆ?

ಮಲೇಷ್ಯಾಕ್ಕೆ ಹೋಗುವ ಅವಕಾಶ ಬಂದಿದೆ ಎಂದು ಹೆಂಡತಿ ಹೇಳಿದ ಸಂಜೆ ನನ್ನ ಬಾಯಿಂದ ಮೊದಲು ಬಂದದ್ದು ಒಂದು ಪ್ರಶ್ನೆ. "ಅಲ್ಲಿ ಮಧ್ಯಾಹ್ನ ಊಟದ ಹೊತ್ತಿಗೆ ಮಗಳ ಹತ್ರ ಯಾರಿರ್ತಾರೆ?"

ಹೆಂಡತಿಯ ಮುಖ ಸಣ್ಣದಾಯಿತು. ಬೊಮ್ಮಸಂದ್ರದ ಮಾತ್ರೆ ತಯಾರಿಸುವ ಕಾರ್ಖಾನೆಯೊಂದರಲ್ಲಿ, ಗುಣಮಟ್ಟ ಪರೀಕ್ಷಿಸುವ ವಿಭಾಗದಲ್ಲಿ ಅವಳು ಹನ್ನೊಂದು ವರ್ಷ ದುಡಿದಿದ್ದಳು. ಮಲೇಷ್ಯಾದಲ್ಲಿ ಅವರದೇ ಹೊಸ ಘಟಕ ಶುರುವಾಗುವುದಿತ್ತು. ಮೂರು ವರ್ಷ ಅಲ್ಲಿದ್ದು ಪ್ರಯೋಗಾಲಯವನ್ನು ಕಟ್ಟಿ ನಿಲ್ಲಿಸುವ ಕೆಲಸ. ಅವಳ ವಿಭಾಗದಿಂದ ಅಂಥ ಕೆಲಸಕ್ಕೆ ಅದುವರೆಗೆ ಹೆಂಗಸರನ್ನು ಕಳಿಸಿರಲಿಲ್ಲ. ನಾನು ಒಂದು ಒಳ್ಳೆಯ ಮಾತು ಹೇಳಬಹುದಿತ್ತು. ನಮ್ಮ ಒಂಬತ್ತು ವರ್ಷದ ಮಗಳು ಒಳಗಿನ ಕೋಣೆಯಲ್ಲಿ ಹೋಂವರ್ಕ್ ಮಾಡುತ್ತಿದ್ದಳು. ಆ ಕೋಣೆಯ ಕಡೆ ನೋಡುತ್ತ ಕೂತೆ.

ನನ್ನ ಭಯಕ್ಕೆ ಮೂರು ವರ್ಷದ ಹಿಂದಿನ ಕಾರಣವಿತ್ತು. ಮಗಳಿಗೆ ಆಗ ಆರು ವರ್ಷ. ಆ ಬೇಸಿಗೆಯಲ್ಲಿ ಅವಳು ಬಾಟಲಿಗಟ್ಟಲೆ ನೀರು ಕುಡಿಯತೊಡಗಿದಳು. ಬಿಸಿಲು ಜಾಸ್ತಿ, ಕುಡಿಯಲಿ ಅಂದುಕೊಂಡೆವು. ಆಮೇಲೆ ಹಾಸಿಗೆ ಒದ್ದೆ ಮಾಡತೊಡಗಿದಳು. "ಇಷ್ಟ್ ದೊಡ್ಡೋಳಾಗಿ ನಾಚ್ಕೆ ಆಗಲ್ವಾ?" ಎಂದು ಗದರಿದೆ. ಒಂದು ದಿನ ಕೈ ಕೂಡ ಎತ್ತಿದೆ. ಅವಳು ಇಳಿದುಹೋಗುತ್ತಿದ್ದದ್ದು ಕಣ್ಣೆದುರೇ ಇತ್ತು, ಆದರೆ ದಿನಾ ನೋಡುವವರಿಗೆ ಅದು ಕಾಣಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಎಂಟಾದರೂ ಏಳಲಿಲ್ಲ. ರಜಾ ದಿನ, ಮಲಗಲಿ ಎಂದು ಬಾಗಿಲು ಮುಂದೆ ಮಾಡಿ ಬಂದವನು ನಾನೇ. ಒಂಬತ್ತೂವರೆಗೆ ಹೆಂಡತಿ ಹೋಗಿ ಮುಟ್ಟಿದಾಗ ಅವಳಿಗೆ ಪ್ರಜ್ಞೆ ಇರಲಿಲ್ಲ. ಏದುಸಿರು ಬಿಡುತ್ತಿದ್ದಳು, ಬಾಯಿಂದ ಕೊಳೆತ ಹಣ್ಣಿನ ವಾಸನೆ ಬರುತ್ತಿತ್ತು. ಆಸ್ಪತ್ರೆಯಲ್ಲಿ ಐದು ದಿನ ಇಟ್ಟುಕೊಂಡರು. ಮಕ್ಕಳಿಗೆ ಬರುವ ಸಕ್ಕರೆ ಕಾಯಿಲೆ, ಮೈಯಲ್ಲಿ ಇನ್ಸುಲಿನ್ ಹುಟ್ಟುವುದೇ ನಿಂತುಹೋಗಿದೆ, ಇನ್ನು ಮೇಲೆ ಜೀವನಪೂರ್ತಿ ಪ್ರತಿ ಊಟಕ್ಕೂ ಚುಚ್ಚಿಕೊಳ್ಳಬೇಕು ಅಂದರು. ಇನ್ನೂ ತಡವಾಗಿದ್ದರೆ ಎಂದು ಶುರು ಮಾಡಿದ ಡಾಕ್ಟರಮ್ಮ ನನ್ನ ಮುಖ ನೋಡಿ ಆ ಮಾತನ್ನು ಮುಗಿಸಲಿಲ್ಲ.

ಮಲಗಲಿ ಎಂದು ನಾನು ಮುಂದೆ ಮಾಡಿ ಬಂದ ಆ ಬಾಗಿಲು ಇವತ್ತಿಗೂ ನನ್ನ ಕಣ್ಣಮುಂದೆ ಬರುತ್ತದೆ.

ಅಂದಿನಿಂದ ನಾನು ಒಂದು ಕ್ರಮ ಇಟ್ಟುಕೊಂಡೆ. ನಾನು ಬೊಮ್ಮಸಂದ್ರದ ಒಂದು ಗೇರ್ ತಯಾರಿಸುವ ಕಾರ್ಖಾನೆಯಲ್ಲಿ ಯಂತ್ರಗಳ ರಿಪೇರಿ ನೋಡಿಕೊಳ್ಳುತ್ತಿದ್ದೆ. ಮಗಳ ಶಾಲೆ ಹೆಬ್ಬಗೋಡಿಯಲ್ಲಿ. ಹನ್ನೆರಡೂವರೆಗೆ ಊಟದ ಸೈರನ್ ಆದ ತಕ್ಷಣ ಕೈಗೆ ಹತ್ತಿದ ಗ್ರೀಸನ್ನು ಹತ್ತಿಯ ಬಟ್ಟೆಯಲ್ಲಿ ಒರೆಸಿಕೊಂಡು ಬೈಕ್ ಹತ್ತುತ್ತಿದ್ದೆ. ಸರ್ವಿಸ್ ರಸ್ತೆಯಲ್ಲಿ ಹನ್ನೆರಡು ನಿಮಿಷ. ಶಾಲೆಯ ಸ್ಟಾಫ್ ರೂಮಿನ ಮೂಲೆಯಲ್ಲಿ ಮಗಳು ಬೆರಳು ಚುಚ್ಚಿ ಯಂತ್ರದಲ್ಲಿ ಸಕ್ಕರೆ ನೋಡುತ್ತಿದ್ದಳು. ಡಬ್ಬಿಯಲ್ಲಿ ಎಷ್ಟು ಚಪಾತಿ, ಎಷ್ಟು ಅನ್ನ ಎಂದು ನಾನು ಲೆಕ್ಕ ಹಾಕಿ, ಇನ್ಸುಲಿನ್ ಪೆನ್ನನ್ನು ಅಷ್ಟಕ್ಕೆ ತಿರುಗಿಸಿ ಕೊಡುತ್ತಿದ್ದೆ. ಅವಳು ಅಂಗಿ ಎತ್ತಿ ಹೊಟ್ಟೆಗೆ ಚುಚ್ಚಿಕೊಳ್ಳುತ್ತಿದ್ದಳು. ಇನ್ಸುಲಿನ್ ಕಡಿಮೆಯಾದರೆ ಸಕ್ಕರೆ ಏರುತ್ತದೆ. ಹೆಚ್ಚಾದರೆ, ಅಥವಾ ಅವಳು ಊಟ ಬಿಟ್ಟರೆ, ಓಡಿ ಆಡಿದರೆ, ಸಕ್ಕರೆ ಇಳಿದು ಬೆವರಿ, ತೊದಲಿ, ಕೊನೆಗೆ ಬಿದ್ದುಹೋಗಬಹುದು. ಅವಳು ತಿನ್ನಲು ಶುರು ಮಾಡಿದ್ದನ್ನು ನೋಡಿ ವಾಪಸು ಹೊರಡುತ್ತಿದ್ದೆ. ನನ್ನ ಊಟ ಯಂತ್ರದ ಪಕ್ಕ ನಿಂತೇ ಆಗುತ್ತಿತ್ತು. ಹೀಗೆ ಮೂರು ವರ್ಷ. ಹೋಗಲಾಗದ ದಿನ ಶಾಲೆಯ ಆಯಾಗೆ ಫೋನ್ ಮಾಡುತ್ತಿದ್ದೆ. ಆನೇಕಲ್ ಕಡೆಯ ಹಳ್ಳಿಯವರು, ವಯಸ್ಸಾದವರು. "ಬುಡಿ ಸಾರ್, ನಾನ್ ನೋಡ್ಕತೀನಿ. ಪಾಪುಗೆ ಎಲ್ಲಾ ಗೊತ್ತು, ನೀವ್ ಇಂಗೆ ಎದ್ರುಕೋಬೇಡಿ" ಅನ್ನುತ್ತಿದ್ದರು.

ಹೆಂಡತಿ ಮೂರು ತಿಂಗಳು ಮುಂಚೆ ಹೋಗಬೇಕು, ಮನೆ ಮತ್ತು ಶಾಲೆ ಗೊತ್ತಾದ ಮೇಲೆ ನಾನು ಕೆಲಸ ಬಿಟ್ಟು ಮಗಳನ್ನು ಕರೆದುಕೊಂಡು ಹೋಗಬೇಕು ಎಂದು ಕೊನೆಗೆ ನಿರ್ಧಾರವಾಯಿತು. ಬೇಡ ಎನ್ನುವ ಧೈರ್ಯ ನನಗಿರಲಿಲ್ಲ, ಹೂಂ ಅಂದಾಗ ಮನಸ್ಸೂ ಇರಲಿಲ್ಲ. ಅವಳು ಹೊರಟ ಮೇಲೆ ನಮಗೆ ಸಹಾಯಕ್ಕೆಂದು ದಾವಣಗೆರೆಯಿಂದ ನನ್ನ ತಾಯಿ ಬಂದರು.

ಶಾಲೆ ಹುಡುಕುವ ಕೆಲಸ ಇಬ್ಬರಲ್ಲೂ ಹಂಚಿಕೆಯಾಯಿತು. ಅವಳು ಅಲ್ಲಿ ಹೋಗಿ ನೋಡಿ ವಿಡಿಯೊ ಕಳಿಸಬೇಕು, ನಾನು ಇಲ್ಲಿಂದ ಬರೆದು ಕೇಳಬೇಕು. ಚಂದಾಪುರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕೂತು ನಾನು ಆ ಅಂತರರಾಷ್ಟ್ರೀಯ ಶಾಲೆಗಳ ಫೋಟೊಗಳನ್ನು ಒಂದೊಂದಾಗಿ ನೋಡುತ್ತಿದ್ದೆ. ಎಲ್ಲ ದೇಶದ ಮಕ್ಕಳೂ ಹಲ್ಲು ಬಿಟ್ಟು ನಗುತ್ತಿದ್ದರು. ಈಜುಕೊಳ, ನಾಟಕದ ರಂಗ, ಪಿಯಾನೊ, ಗಾಜಿನ ಗ್ರಂಥಾಲಯ. ನಾನು ಚಿತ್ರಗಳನ್ನು ಹಿಗ್ಗಿಸಿ ಹಿಂದಿನ ಗೋಡೆಯಲ್ಲಿ ಎಲ್ಲಾದರೂ ದಾದಿಯ ಕೋಣೆಯ ಬಾಗಿಲು ಕಾಣುತ್ತದೆಯೇ ಎಂದು ಹುಡುಕುತ್ತಿದ್ದೆ. ಯಾವ ಪಠ್ಯಕ್ರಮ, ಮರಳಿ ಬಂದರೆ ಇಲ್ಲಿ ಯಾವ ತರಗತಿಗೆ ಸೇರಿಸಿಕೊಳ್ಳುತ್ತಾರೆ ಎಂದು ಅಪಾರ್ಟ್‌ಮೆಂಟಿನ ಗೆಳೆಯರು ಕೇಳುತ್ತಿದ್ದರು. ಅವೆಲ್ಲ ಮುಖ್ಯವೇ. ನನ್ನ ತಲೆಯೊಳಗೆ ಮಾತ್ರ ಅವು ಇಳಿಯುತ್ತಿರಲಿಲ್ಲ.

ಮೊದಲ ಶಾಲೆಯವರು ವಿನಯವಾಗಿ ಬರೆದರು. ನಮ್ಮ ಸಿಬ್ಬಂದಿ ಚುಚ್ಚುಮದ್ದನ್ನು ಕೊಡುವುದೂ ಇಲ್ಲ, ಅದರ ಮೇಲ್ವಿಚಾರಣೆ ಮಾಡುವುದೂ ಇಲ್ಲ, ಅದು ನಿಯಮ. ಎರಡನೆಯ ಶಾಲೆಯಲ್ಲಿ ದಾದಿ ಇದ್ದರು, ವಾರಕ್ಕೆ ಎರಡು ದಿನ. ಉಳಿದ ಮೂರು ದಿನ ಮಗಳ ಸಕ್ಕರೆ ಇಳಿಯದೆ ಕಾಯುತ್ತದೆಯೇ? ಈ ಎರಡು ಉತ್ತರ ಓದಿದ ಮೇಲೆ ನನಗೊಂದು ವಿಚಿತ್ರ ಸಮಾಧಾನವಾಯಿತು ಎಂದು ಒಪ್ಪಿಕೊಳ್ಳಬೇಕು. ಎಲ್ಲ ಶಾಲೆಗಳೂ ಹೀಗೇ ಅಂದರೆ ನಾವು ಹೋಗುವುದೇ ಬೇಡವಲ್ಲ.

ಆಮೇಲೆ ಹೆಂಡತಿಗೆ ಒಂದು ಶಾಲೆ ತುಂಬ ಹಿಡಿಸಿತು. ಅವಳ ಕಾರ್ಖಾನೆಯಿಂದ ಹತ್ತು ನಿಮಿಷ. ವಿಜ್ಞಾನದ ಪ್ರಯೋಗಾಲಯವನ್ನು ನೋಡಿ ಅವಳೇ ಸಣ್ಣ ಹುಡುಗಿಯಂತಾಗಿದ್ದಳು. "ರೀ, ಎರಡೇ ಸೀಟ್ ಅದಾವಂತೆ. ಶುಕ್ರವಾರದೊಳಗೆ ಅರ್ಜಿ ಹಾಕ್ಬೇಕು. ಅವಳ ಕಾಗದ ಎಲ್ಲಾ ನಿಮ್ಮತ್ರ ಐತಲ್ಲ, ನೀವೇ ತುಂಬಿಬಿಡ್ರಿ" ಅಂದಳು.

ಗುರುವಾರ ಸಂಜೆ ಅರ್ಜಿ ತೆರೆದು ಕೂತೆ. ಹೆಸರು, ಹುಟ್ಟಿದ ದಿನ, ಮನೆಮಾತು ಎಲ್ಲ ಆಯಿತು. ನಾಲ್ಕನೆಯ ಪುಟದಲ್ಲಿ ಆ ಪ್ರಶ್ನೆ ಬಂತು. ಮಗುವಿಗೆ ದೀರ್ಘಕಾಲದ ಕಾಯಿಲೆ ಏನಾದರೂ ಇದೆಯೇ? ಇದೆ, ಇಲ್ಲ. ಎರಡು ಸಣ್ಣ ಚೌಕ. 'ಇದೆ' ಎಂದು ಒತ್ತಿದರೆ ಇನ್ನೂ ಮೂರು ಪುಟ ತೆರೆದುಕೊಳ್ಳುತ್ತಿದ್ದವು, ಮತ್ತು ಕೆಳಗೆ ಒಂದು ಸಾಲು: ಶಾಲೆಯ ವೈದ್ಯಕೀಯ ಸಮಿತಿ ಪರಿಶೀಲಿಸಿದ ಮೇಲಷ್ಟೇ ಪ್ರವೇಶದ ನಿರ್ಧಾರ.

ಪೂಜೆ ಮುಗಿಸಿ ಹಣೆಗೆ ವಿಭೂತಿ ಹಚ್ಚಿಕೊಂಡು ಬಂದ ತಾಯಿ ನನ್ನ ಪಕ್ಕದಲ್ಲಿ ಕೂತರು.

"ಏನಪಾ, ಹಂಗ್ಯಾಕ್ ಕುಂತಿ?"

ಹೇಳಿದೆ.

"ಹೇಳಾಕ ಹೋಗಬ್ಯಾಡ ಮತ್ತ. ಕಾಯಿಲಿ ಹುಡುಗಿ ಅಂದ್ರ ಯಾರ್ ಸೇರಿಸ್ಕೊಂತಾರ? ಮೊದ್ಲ ಸೇರ್ಲಿ. ಒಳಗ್ ಹೋದ್ ಮ್ಯಾಲ ನಿಧಾನಕ್ಕ ಹೇಳಿದ್ರಾತು."

ತಾಯಿ ಕೆಟ್ಟದ್ದನ್ನು ಬಯಸಿ ಹೇಳಿದ್ದಲ್ಲ. ನೆಂಟರ ಮದುವೆಗೆ ಹೋದಾಗಲೂ ಮಗಳಿಗೆ ಕೋಣೆಯೊಳಗೆ ಬಾಗಿಲು ಹಾಕಿ ಚುಚ್ಚಿಸುತ್ತಿದ್ದರು. ನಾನು ತುಸು ಹೊತ್ತು ಆ ಎರಡು ಚೌಕಗಳನ್ನು ನೋಡಿದೆ. ಎರಡು ಶಾಲೆಗಳ ಉತ್ತರ ನೆನಪಾಯಿತು. ಈ ಸೀಟೂ ಹೋದರೆ ಹೆಂಡತಿಯ ದನಿ ಹೇಗಿರುತ್ತದೆ ಎಂಬುದೂ ಹೊಳೆಯಿತು. 'ಇಲ್ಲ' ಎಂದು ಒತ್ತಿದೆ.

ನಾಲ್ಕು ದಿನದಲ್ಲಿ ಸೀಟು ಸಿಕ್ಕಿತು. ಹೆಂಡತಿ ಫೋನಿನಲ್ಲಿ ನಕ್ಕಳು, ಎಷ್ಟೋ ವಾರದ ಮೇಲೆ ಕೇಳಿದ ನಗು ಅದು. "ಶುಗರ್ ಬಗ್ಗೆ ಏನಂದ್ರು?" ಎಂದು ಕೇಳಿದಳು.

"ನೋಡ್ಕೊಂತಾರಂತೆ" ಅಂದೆ.

ಅಲ್ಲಿಂದ ಶುರುವಾದ ಭಯ ಹಿಂದಿನದರ ಹಾಗಿರಲಿಲ್ಲ. ಮುಂಚೆ ಹೆದರಿಕೆ ಯಾರ ಮುಂದಾದರೂ ಹೇಳಿಕೊಳ್ಳುವಂಥದಾಗಿತ್ತು. ಈಗ ಹೇಳುವಂತಿಲ್ಲ. ಲೇತ್ ಯಂತ್ರದ ಮುಂದೆ ನಿಂತಿದ್ದಾಗ ಆ ಗಾಜಿನ ಶಾಲೆಯ ತರಗತಿ ಕಾಣುತ್ತಿತ್ತು. ಹಿಂದಿನ ಬೆಂಚಿನಲ್ಲಿ ನನ್ನ ಮಗಳು ಮೇಜಿನ ಮೇಲೆ ತಲೆ ಇಟ್ಟಿದ್ದಾಳೆ. ಹೊಸ ದೇಶ, ಮಗುವಿಗೆ ಸುಸ್ತು, ಮಲಗಲಿ ಬಿಡಿ ಎಂದು ಟೀಚರ್ ಮುಂದಿನ ಪಾಠಕ್ಕೆ ಹೋಗುತ್ತಾರೆ. ಒಮ್ಮೆ ಕೈಯಲ್ಲಿದ್ದ ಸ್ಪ್ಯಾನರ್ ಜಾರಿ ಪಾದದ ಮೇಲೆ ಬಿತ್ತು. ಊಟದ ಹೊತ್ತಿಗೆ ಶಾಲೆಗೆ ಹೋದಾಗ ಮಗಳ ಹಣೆ ಮುಟ್ಟಿ ಮುಟ್ಟಿ ನೋಡುತ್ತಿದ್ದೆ. "ಅಪ್ಪ, ಜ್ವರ ಇಲ್ಲ ನಂಗೆ" ಎಂದು ಅವಳು ಕೈ ತಳ್ಳುತ್ತಿದ್ದಳು.

ಸುಮಾರು ಹತ್ತು ದಿನ ಕಳೆದಿರಬೇಕು. ಅಂದು ಗೇರ್ ಹಲ್ಲು ಕತ್ತರಿಸುವ ದೊಡ್ಡ ಯಂತ್ರ ಕೆಟ್ಟು ನಿಂತಿತು. ಸಂಜೆಯೊಳಗೆ ಮಾಲು ಹೋಗಬೇಕಿತ್ತು, ಊಟಕ್ಕೆ ಹೊರಗೆ ಹೋಗಲು ಬಿಡಲಿಲ್ಲ. ಆಯಾಗೆ ಫೋನ್ ಮಾಡಿದೆ. ಅವರು ಪಕ್ಕದಲ್ಲಿ ನಿಂತು ನೋಡಿದರು, ಮಗಳು ಲೆಕ್ಕ ಹೇಳಿದಳು, ಸರಿಯಾಗಿತ್ತು. ಆದರೆ ಊಟವಾದ ಮೇಲೆ ಸ್ಪೋರ್ಟ್ಸ್ ಡೇ ತಯಾರಿ ಎಂದು ಮಕ್ಕಳನ್ನು ಮೈದಾನಕ್ಕೆ ಬಿಟ್ಟಿದ್ದಾರೆ, ಇವಳು ರಿಲೇ ಓಡಿದ್ದಾಳೆ. ಅದು ನನಗೆ ಗೊತ್ತಿರಲಿಲ್ಲ.

ನಾಲ್ಕಕ್ಕೆ ಹತ್ತು ನಿಮಿಷ ಇದ್ದಾಗ ತಾಯಿಯ ಫೋನ್ ಬಂತು. "ವ್ಯಾನ್ ಬಂದಿಲ್ಲಪಾ ಇನ್ನೂ." ಮೂರೂವರೆಗೆ ಬರಬೇಕಾದ ವ್ಯಾನ್ ಅದು. ಡ್ರೈವರಿಗೆ ಮಾಡಿದೆ. ರಿಂಗ್ ಆಗಿ ಕಟ್ಟಾಯಿತು. ಮತ್ತೆ ಮಾಡಿದೆ, ಮತ್ತೆ ಕಟ್. ಮೂರನೆಯ ಸಲವೂ ಯಾರೋ ಬೇಕೆಂದೇ ಕಟ್ ಮಾಡಿದರು. ಯಾಕೆ ಕಟ್ ಮಾಡುತ್ತಾರೆ? ಏನನ್ನು ಹೇಳಲಾರದೆ ಕಟ್ ಮಾಡುತ್ತಾರೆ?

ಹೆಲ್ಪರಿಗೆ ಹೇಳಿ ಹೊರಗೆ ಬಂದೆ. ಬೈಕನ್ನು ಹೊಸೂರು ರಸ್ತೆಯವರೆಗೂ ತರಲಾಗಲಿಲ್ಲ. ದೊಡ್ಡ ಕಂಟೇನರ್ ಲಾರಿಯೊಂದು ತಿರುಗುವಾಗ ಅಡ್ಡ ಸಿಕ್ಕಿಕೊಂಡು ಎರಡೂ ಕಡೆ ಗಾಡಿಗಳು ನಿಂತಿದ್ದವು. ಶಿಫ್ಟ್ ಬಿಟ್ಟ ಹೊತ್ತು ಬೇರೆ. ಕಂಪನಿ ಬಸ್ಸುಗಳು, ಆಟೊಗಳು, ಎಲ್ಲರ ಹಾರ್ನು. ಬೈಕನ್ನು ಒಂದು ಟೀ ಅಂಗಡಿ ಮುಂದೆ ಬಿಟ್ಟು ಹೆಬ್ಬಗೋಡಿ ಕಡೆ ಓಡಿದೆ. ಮೆಟ್ರೊ ಕಂಬಗಳ ಕೆಳಗೆ ಸಾಲಾಗಿ ಹಳದಿ ವ್ಯಾನುಗಳು ನಿಂತಿದ್ದವು, ಆ ಹೊತ್ತಿಗೆ ಎಲ್ಲ ಶಾಲೆಯ ವ್ಯಾನುಗಳೂ ಅಲ್ಲೇ ಇರುತ್ತವೆ. ಒಂದೊಂದರ ಕಿಟಕಿಗೂ ಮುಖ ಇಟ್ಟು ನೋಡಿದೆ. ಬೇರೆ ಬೇರೆ ಯೂನಿಫಾರ್ಮಿನ ಮಕ್ಕಳು ಹೆದರಿ ಹಿಂದೆ ಸರಿದರು. ಒಂದು ವ್ಯಾನಿನ ಹಿಂಭಾಗದಲ್ಲಿ ಮಗುವೊಂದು ಕುತ್ತಿಗೆ ವಾಲಿಸಿ ಮಲಗಿತ್ತು. ಗಾಜನ್ನು ಜೋರಾಗಿ ಬಡಿದೆ. ಯಾರದೋ ಮಗು ನಿದ್ದೆಯಿಂದೆದ್ದು ಅಳತೊಡಗಿತು.

ನಮ್ಮ ವ್ಯಾನ್ ಇನ್ನೂ ಆರೇಳು ಗಾಡಿ ಹಿಂದಿತ್ತು. ಬಾಗಿಲು ತೆರೆದಿತ್ತು. ಮಗಳು ಮುಂದಿನ ಸೀಟಿನಲ್ಲಿ ಕೂತಿದ್ದಳು. ಕೂದಲು ಬೆವರಿನಿಂದ ಹಣೆಗೆ ಅಂಟಿತ್ತು, ಮುಖ ಬಿಳಿಚಿತ್ತು. ಆದರೆ ಕೂತಿದ್ದಳು, ಕಣ್ಣು ತೆರೆದಿದ್ದಳು. ಅವಳ ಪಕ್ಕ ಎರಡನೇ ಕ್ಲಾಸಿನ ಒಂದು ಹುಡುಗಿ ಡ್ರೈವರಿನ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅದನ್ನೇ ದಿಟ್ಟಿಸುತ್ತಿದ್ದಳು.

"ಅಪ್ಪ, ಶುಗರ್ ಐವತ್ತೆಂಟಿತ್ತು" ಅಂದಳು ಮಗಳು. "ನಾಲ್ಕ್ ಗ್ಲುಕೋಸ್ ಮಾತ್ರೆ ತಿಂದೆ. ಹದ್ನೈದ್ ನಿಮಿಷ ಕಾದೆ. ಆಮೇಲೆ ಅರವತ್ತಾರು. ಅಂಕಲ್ ಜ್ಯೂಸ್ ತಂದ್ಕೊಟ್ರು. ಈಗ ಮತ್ತೆ ಹದ್ನೈದ್ ನಿಮಿಷ ಕಾಯ್ತಿದೀವಿ."

"ಇನ್ನೂ ಮೂರು ನಿಮಿಷ ಇದೆ" ಎಂದಿತು ಪಕ್ಕದ ಮಗು, ಕಣ್ಣೆತ್ತದೆ.

ಡ್ರೈವರ್ ಕೆಳಗಿಳಿದು ಬಂದ. "ಸಾರಿ ಸಾರ್, ಫೋನ್ ಮಕ್ಳತ್ರ ಇತ್ತು, ಟೈಮ್ ಇಟ್ಕೊಂಡಿದ್ರು. ಫೋನ್ ಬಂದ್ರೆ ಟೈಮ್ ಕಾಣಲ್ಲ ಅಂತ ಕಟ್ ಮಾಡ್ಬಿಟ್ಟವ್ರೆ. ಪಾಪು ಬೆವರ್ತಿತ್ತು, ಇನ್ನೊಂದ್ ಮಗುನ ಬೈತಿತ್ತು. ಶುಗರ್ ಇಳ್ದಿರ್ಬೇಕು ನೋಡ್ಕೊಳಮ್ಮ ಅಂತ ನಾನೇ ಹೇಳ್ದೆ. ಪಕ್ಕದ ಅಂಗಡಿಗೆ ಓಡೋಗಿ ಜ್ಯೂಸ್ ತಂದೆ."

"ಶುಗರ್ ಅಂತ ನಿಂಗೆ ಹೆಂಗೆ ಗೊತ್ತಾಯ್ತು?" ಎಂದು ಕೇಳಿದೆ.

ಅವನು ಆಶ್ಚರ್ಯದಿಂದ ನೋಡಿದ. "ನೀವೇ ಅಲ್ವಾ ಸಾರ್ ಮೊದ್ಲ್ ದಿನ ವ್ಯಾನ್ ನಿಲ್ಸಿ ಎಲ್ರಿಗೂ ಹೇಳ್ಕೊಟ್ಟಿದ್ದು?"

ಹೌದು, ನಾನೇ. ಮೂರು ವರ್ಷದ ಹಿಂದೆ ಆಸ್ಪತ್ರೆಯಿಂದ ಬಂದ ಹೊಸದರಲ್ಲಿ ಎಲ್ಲರಿಗೂ ಹೇಳಿದ್ದೆ. ಗೇಟಿನ ಕಾವಲುಗಾರನಿಗೆ, ಡ್ರೈವರಿಗೆ, ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಸಿಕ್ಕವರಿಗೆ. ದಿನವೂ ಊಟದ ಹೊತ್ತಿಗೆ ಬೈಕಿನಲ್ಲಿ ಹೋಗಿ ನಾನೊಬ್ಬನೇ ಮಗಳನ್ನು ಕಾಯುತ್ತಿದ್ದೇನೆ ಅಂದುಕೊಂಡಿದ್ದೆ. ಅಂದು ಆ ರಸ್ತೆಯಲ್ಲಿ ಅವಳನ್ನು ಉಳಿಸಿದ್ದು ಅವಳ ಚೀಲದ ಮಾತ್ರೆ, ಈ ಡ್ರೈವರು, ಟೈಮ್ ಹಿಡಿದ ಈ ಮಗು. ಇವರಿಗೆಲ್ಲ ಗೊತ್ತಿತ್ತು. ಮತ್ತು ಗೊತ್ತಾಗಬೇಕಾದ ಹೊಸ ಜಾಗದವರಿಗೆ ನಾನು 'ಇಲ್ಲ' ಎಂದು ಬರೆದು ಕಳಿಸಿದ್ದೆ.

ಮೂರು ನಿಮಿಷವಾಯಿತು. ಮಗಳು ಬೆರಳು ಚುಚ್ಚಿ ನೋಡಿದಳು, ತೊಂಬತ್ತೊಂದು; ಎಪ್ಪತ್ತು ದಾಟಿದ್ದರೆ ಸಾಕಿತ್ತು. ಪಕ್ಕದ ಮಗು ಫೋನನ್ನು ಡ್ರೈವರಿಗೆ ಹಿಂದಿರುಗಿಸಿತು. ನಾನು ವ್ಯಾನಿನ ಮೆಟ್ಟಿಲ ಮೇಲೆ ಕೂತೆ.

ಅಂದು ಸಂಜೆ ಏಳಕ್ಕೆ ಹೆಂಡತಿಗೆ ವಿಡಿಯೊ ಕರೆ ಮಾಡಿ ಎಲ್ಲವನ್ನೂ ಹೇಳಿದೆ. ವ್ಯಾನಿನದನ್ನು ಮೊದಲು, ಅರ್ಜಿಯದನ್ನು ಆಮೇಲೆ.

"ಅಂದ್ರೆ ನಾನು ಬೆಳಗೆ ಕೆಲಸಕ್ಕೆ ಹೋಗೋಳು, ಅವರು ನೋಡ್ಕೊಂತಾರೆ ಅಂತ ನಂಬ್ಕೊಂಡು ಅವಳನ್ನ ಅಲ್ಲಿ ಬಿಟ್ಟು ಹೋಗ್ತಿದ್ದೆ. ಅವರಿಗೆ ಗೊತ್ತೇ ಇರ್ತಿರಲಿಲ್ಲ. ಅಷ್ಟೇ ಅಲ್ಲೇನ್ರೀ?"

"ಸೇರಿದ ಮೇಲೆ ಹೇಳೋಣ ಅಂತ..."

"ನಿಮಗೆ ಬರೋಕೆ ಇಷ್ಟ ಇಲ್ಲ. ಅದನ್ನ ನೇರ ಹೇಳ್ರಿ."

"ಹೆದ್ರಿಕೆ ಆಗ್ತೈತಿ" ಅಂದೆ. ಮದುವೆಯಾದ ಮೇಲೆ ಆ ಮಾತನ್ನು ಅವಳಿಗೆ ಹೇಳಿದ್ದು ಅದೇ ಮೊದಲು.

"ನನಗಿಲ್ಲೇನು? ಒಂದೊಂದು ಸ್ಕೂಲ್ ನೋಡಿ ಬಂದು ರೂಮಲ್ಲಿ ಕೂತು ಅತ್ತಿದೀನಿ. ನಿಮಗೆ ಹೇಳಿದ್ರೆ ಬರೋದೇ ಬ್ಯಾಡ ಅಂತೀರಿ ಅಂತ ಹೇಳಿಲ್ಲ." ಕಣ್ಣೊರೆಸಿಕೊಂಡಳು. "ನಾಳೆ ನಾನೇ ಅವರಿಗೆ ಬರೀತೀನಿ."

ಬರೆದಳು. ವಾರದ ನಂತರ ಉತ್ತರ ಬಂತು. ಮಾಹಿತಿಗಾಗಿ ಧನ್ಯವಾದ, ಸದ್ಯದ ವ್ಯವಸ್ಥೆಯಲ್ಲಿ ನಿಮ್ಮ ಮಗಳ ಅಗತ್ಯಗಳನ್ನು ಪೂರೈಸಲು ನಮಗೆ ಸಾಧ್ಯವಾಗದು, ಸೀಟನ್ನು ಹಿಂಪಡೆಯುತ್ತಿದ್ದೇವೆ. ನಾನು ಅದನ್ನು ತಾಯಿಗೆ ಮೆಲ್ಲಗೆ ಹೇಳುತ್ತಿದ್ದಾಗ ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ನನ್ನಿಂದ ಸೀಟ್ ಹೋಯ್ತಾ ಅಪ್ಪ?"

"ಇಲ್ಲ ಮಗಾ, ನನ್ನಿಂದ. ನಾನು ಸುಳ್ಳು ಬರೆದಿದ್ದೆ."

"ಏನಂತ?"

"ನಿನಗೆ ಏನೂ ಇಲ್ಲ ಅಂತ."

"ಆವಾಗ ನಾನು ಎಲ್ಲಿ ಚುಚ್ಕೋಬೇಕಿತ್ತು? ಟಾಯ್ಲೆಟ್ಟಲ್ಲಾ?" ಎಂದು ಕೇಳಿದಳು. ತಾಯಿ ಒಲೆಯ ಕಡೆ ತಿರುಗಿ ಸೆರಗಿನಿಂದ ಮುಖ ಮುಚ್ಚಿಕೊಂಡರು.

ಉಳಿದದ್ದು ಒಂದೇ ಶಾಲೆ. ಹೆಂಡತಿ ಮೊದಲೇ ಪಟ್ಟಿಯಿಂದ ಬಿಟ್ಟಿದ್ದ ಶಾಲೆ ಅದು. ಒಂದು ಸಾಲು ಅಂಗಡಿಗಳ ಮೇಲಿನ ಎರಡು ಮಹಡಿ. ಈಜುಕೊಳವಿಲ್ಲ, ಮೈದಾನವೆಂದರೆ ಹಿಂದಿನ ಸಿಮೆಂಟಿನ ಅಂಗಳ. ನಾಲ್ಕು ಮತ್ತು ಐದನೆಯ ತರಗತಿಗಳಿಗೆ ಒಂದೇ ಕೋಣೆ. ಈ ಸಲ ಮೊದಲ ಸಾಲಿನಲ್ಲೇ ಕಾಯಿಲೆಯ ವಿಷಯ ಬರೆದೆ. ಮಾರನೆಯ ದಿನವೇ ಶಾಲೆಯ ದಾದಿ ಮಾತಾಡಬೇಕಂತೆ ಎಂದು ಉತ್ತರ ಬಂತು. ಅವರ ಒಂಬತ್ತೂವರೆ ನಮಗೆ ಬೆಳಗಿನ ಏಳು. ಹೆಂಡತಿ ತನ್ನ ರೂಮಿನಿಂದ, ನಾನು ಮತ್ತು ಮಗಳು ಚಂದಾಪುರದಿಂದ ಕರೆಗೆ ಸೇರಿದೆವು.

ದಾದಿ ಐವತ್ತರ ಆಸುಪಾಸಿನ ತಮಿಳು ಹೆಂಗಸು. ಅವರ ಹಿಂದೆ ಒಂದು ಮಂಚ, ಒಂದು ಸಣ್ಣ ಫ್ರಿಜ್ಜು ಕಾಣುತ್ತಿದ್ದವು. ಇಂಗ್ಲಿಷಿನಲ್ಲಿ ಶುರು ಮಾಡಿದರು. ನಾನು ತಡವರಿಸಿದ್ದನ್ನು ನೋಡಿ ತಮಿಳು ಬರುತ್ತದೆಯೇ ಎಂದು ಕೇಳಿದರು. ನಮ್ಮ ಕಾರ್ಖಾನೆಯಲ್ಲಿ ಅರ್ಧ ಜನ ಹೊಸೂರಿನ ಕಡೆಯವರು. ಹರುಕು ಮುರುಕು ಬರುತ್ತದೆ ಅಂದೆ.

"ಸಕ್ಕರೆ ಇಳಿದಾಗ ಮಗು ಹೇಗಿರುತ್ತಾಳೆ?" ಎಂದು ಕೇಳಿದರು.

ನಾನು ಹೇಳತೊಡಗಿದೆ, ಬೆವರುತ್ತಾಳೆ, ಕೈ ನಡುಗುತ್ತದೆ. ಅವರು ಕೈ ಅಡ್ಡ ಹಿಡಿದರು. ನೀವು ಬೇಡ, ಅವಳೇ ಹೇಳಲಿ ಅಂದರು.

ಮಗಳು ಇಂಗ್ಲಿಷಿನಲ್ಲಿ ಹೇಳಿದಳು. ಮೊದಲು ಸಿಟ್ಟು ಬರುತ್ತದೆ, ಎಲ್ಲರ ಮೇಲೂ. ಆಮೇಲೆ ತುಟಿ ಜುಮ್ಮೆನ್ನುತ್ತದೆ. ಆಮೇಲೆ ಕೂಡುವ ಲೆಕ್ಕ ಬರುವುದಿಲ್ಲ. ಬೆವರು ಕೊನೆಗೆ.

ಮೂರು ವರ್ಷ ದಿನವೂ ಅವಳ ಮುಂದೆ ಕೂತವನು ನಾನು. ತುಟಿಯ ವಿಷಯ ನನಗೆ ಗೊತ್ತಿರಲಿಲ್ಲ.

ದಾದಿ ಎಲ್ಲವನ್ನೂ ಬರೆದುಕೊಂಡರು. ಕ್ಲಾಸಿನಲ್ಲಿ ಯಾರಿಗೆ ಗೊತ್ತಿರಬೇಕು ಎಂದು ಕೇಳಿದರು. "ಎಲ್ರಿಗೂ. ಆದ್ರೆ ನಾನೇ ಹೇಳ್ತೀನಿ" ಎಂದು ಮಗಳು ಕನ್ನಡದಲ್ಲಿ ನನಗೆ ಹೇಳಿದಳು, ನಾನು ಅದನ್ನು ತಲುಪಿಸಿದೆ. ಆಮೇಲೆ ದಾದಿ ನನ್ನ ಕಡೆ ತಿರುಗಿ ಹೇಳಿದ್ದು ಇವತ್ತಿಗೂ ನೆನಪಿದೆ. ಇಂಥ ಇಬ್ಬರು ಮಕ್ಕಳನ್ನು ಇಲ್ಲಿ ನೋಡಿಕೊಂಡಿದ್ದೇನೆ. ಅವರಲ್ಲೊಬ್ಬ ಮೆಟ್ಟಿಲ ಮೇಲೆ ಪ್ರಜ್ಞೆ ತಪ್ಪಿ ಬಿದ್ದ. ಅಂಥ ಹೊತ್ತಿಗೆಂದೇ ಇರುವ ಚುಚ್ಚುಮದ್ದು ನನ್ನ ಫ್ರಿಜ್ಜಿನಲ್ಲಿತ್ತು, ಕೊಟ್ಟೆ, ಆಂಬುಲೆನ್ಸ್ ಕರೆಸಿದೆ, ಹುಡುಗ ಉಳಿದ. ಏನೂ ಆಗುವುದಿಲ್ಲ ಎಂದು ನಾನು ಹೇಳಲಾರೆ ಸಾರ್.

ಕೊನೆಗೆ ಅವರು ಇನ್ನೊಂದು ಮಾತು ಹೇಳಿದರು. ಮೊದಲ ಎರಡು ವಾರ ನೀವು ಊಟದ ಹೊತ್ತಿಗೆ ಬನ್ನಿ, ನನಗೆ ಕಲಿಸಿ. ಆಮೇಲೆ ಬರಬೇಡಿ.

ಕರೆ ಮುಗಿದ ಮೇಲೆ ಹೆಂಡತಿ ಕೇಳಿದಳು, "ಏನಂತೀರಿ?"

"ಹೆದ್ರಿಸಿದ್ರಲ್ಲ."

"ಹೂಂ. ಆದ್ರೆ ಸುಳ್ಳು ಹೇಳಲಿಲ್ಲ." ಅಷ್ಟು ಹೇಳಿ ಅವಳು ಕೆಲಸಕ್ಕೆ ಹೊರಟಳು. ಸಂಜೆಯೊಳಗೆ ಇಬ್ಬರೂ ಅದೇ ಶಾಲೆ ಎಂದು ಒಪ್ಪಿದ್ದೆವು. ಆ ಪ್ರಯೋಗಾಲಯ ಕೈತಪ್ಪಿದ್ದಕ್ಕೆ ಅವಳಿಗೆ ಇನ್ನೂ ಬೇಸರವಿದೆ, ಆಗಾಗ ಹೇಳುತ್ತಾಳೆ.

ಶಾಲೆಯ ಕೊನೆಯ ದಿನ ಆಯಾ ಮಗಳನ್ನು ಅಪ್ಪಿಕೊಂಡು, "ಅಲ್ಲಿ ಎಂಗವರೋ ಏನೋ" ಎಂದು ಕಣ್ಣೀರು ಹಾಕಿದರು. ನಾನು ಕೆಲಸ ಬಿಟ್ಟೆ. ತಾಯಿ ದಾವಣಗೆರೆಗೆ ಹೊರಡುವ ಮುನ್ನ ಮಗಳ ಹಣೆಗೆ ವಿಭೂತಿ ಹಚ್ಚಿ, "ಎಲ್ಲಾರಿಗೂ ಹೇಳು ತಾಯಿ, ಮುಚ್ಚಿಡಬ್ಯಾಡ" ಅಂದರು.

ಮಲೇಷ್ಯಾದಲ್ಲಿ ಎರಡು ವಾರ ದಿನವೂ ಆ ಅಂಗಡಿ ಸಾಲಿನ ಮೇಲಿನ ಮಹಡಿ ಹತ್ತಿದೆ. ಅಲ್ಲಿನ ಸೆಕೆಗೆ ಇನ್ಸುಲಿನ್ ಕೆಡದಂತೆ ಇಡುವುದನ್ನು ದಾದಿಯೇ ನನಗೆ ಕಲಿಸಿದರು. ಮೂರನೆಯ ವಾರದ ಸೋಮವಾರ ಮನೆಯಲ್ಲಿ ಉಳಿದೆ. ಬಟ್ಟೆ ಒಗೆದೆ. ಒಗೆದದ್ದನ್ನೇ ಮತ್ತೆ ಜಾಲಿಸಿದೆ. ಮಂಗಳವಾರವೂ ಹಾಗೇ.

ಬುಧವಾರ ಮಧ್ಯಾಹ್ನ ಶಾಲೆಯ ನಂಬರಿನಿಂದ ಫೋನ್ ಬಂತು. "ಹಲೋ" ಎಂದವನು ಆಗಲೇ ಇನ್ನೊಂದು ಕೈಯಲ್ಲಿ ಬಾಗಿಲ ಚಿಲಕ ತೆಗೆದಿದ್ದೆ.

"ಸಾರ್, ಇದು ಎನ್ನ ಸಾರ್?" ಇದೇನು ಎಂದು ತಮಿಳಿನಲ್ಲಿ ದಾದಿಯ ದನಿ. ಡಬ್ಬಿಯಲ್ಲಿ ಏನೋ ಹಗುರವಾದದ್ದು, ಅಕ್ಕಿಯ ಹಾಗೆ ಉಬ್ಬಿದ್ದು, ಖಾರ ಹಾಕಿದ್ದು ಇದೆಯಂತೆ. ಮಗಳು ಅದನ್ನು ಇಡೀ ಕ್ಲಾಸಿಗೆ ಹಂಚಿ, ಈಗ ತನಗೆ ಎಷ್ಟು ಉಳಿಯಿತು, ಎಷ್ಟು ಇನ್ಸುಲಿನ್ ಎಂದು ಲೆಕ್ಕ ಸಿಗದೆ ನಿಂತಿದ್ದಾಳೆ. ಹಿಂದಿನಿಂದ ಮಗಳು ಕೂಗಿದಳು, "ಅಪ್ಪ, ಮಂಡಕ್ಕಿ! ಒಂದು ಹಿಡಿಗೆ ಎಷ್ಟು?"

ನನಗೂ ಗೊತ್ತಿರಲಿಲ್ಲ. ಫೋನನ್ನು ಹಾಗೇ ಹಿಡಿದುಕೊಂಡು ಅಡುಗೆಮನೆಗೆ ಹೋಗಿ, ತಾಯಿ ಕಟ್ಟಿಕೊಟ್ಟಿದ್ದ ಚೀಲದಿಂದ ಒಂದು ಹಿಡಿ ತೆಗೆದು ತೂಕದ ಯಂತ್ರದ ಮೇಲೆ ಹಾಕಿದೆ. ಅವಸರದಲ್ಲಿ ಅರ್ಧ ನೆಲಕ್ಕೆ ಚೆಲ್ಲಿತು. ಮತ್ತೊಂದು ಹಿಡಿ ಹಾಕಿ ನೋಡಿ, ಲೆಕ್ಕ ಮಾಡಿ ಹೇಳಿದೆ. ದಾದಿ ಅದನ್ನು ಎರಡು ಸಲ ಹೇಳಿಸಿ ಬರೆದುಕೊಂಡರು. ಸರಿ ಸಾರ್, ಇಡುತ್ತೇನೆ, ಅವಳಿಗೆ ಹಸಿವಾಗಿದೆ ಅಂದರು.

ಫೋನ್ ಇಟ್ಟೆ. ತೆರೆದೇ ಇದ್ದ ಬಾಗಿಲನ್ನು ಹಾಕಿ ಬಂದು ನೆಲದ ಮೇಲೆ ಕೂತು ಚೆಲ್ಲಿದ ಮಂಡಕ್ಕಿ ಆರಿಸತೊಡಗಿದೆ.